ನಾನು ಹೊಲಿದ ಹುಳ

ಈ ಮನೆಗೆ ಸೊಸೆಯಾಗಿ ಬಂದು ಐದು ವರ್ಷವಾದರೂ ಜಗಲಿಯ ಮೇಲೆ ನನ್ನದು ಅಂತ ಹೇಳಿಕೊಳ್ಳಲು ಇರುವುದು ಒಂದೇ ವಸ್ತು, ಸೋಲೂರಿನ ತವರಿನಿಂದ ಬಂದ ಹೊಲಿಗೆ ಮೆಷಿನ್. ಅದನ್ನು ಅಟ್ಟಕ್ಕೆ ಹತ್ತಿಸಿ ಜಗಲಿಯನ್ನು ವಿಮೋಚನೆಗೊಳಿಸಬೇಕೆಂಬುದು ನಮ್ಮ ಅತ್ತೆ ಬೋರಮ್ಮನವರ ಜೀವಮಾನದ ಸಂಕಲ್ಪ.

ಅವರ ದೂರು ನ್ಯಾಯವಾದದ್ದೇ. (ಇದನ್ನು ಡೈರಿಯಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ.) ಆ ಮೆಷಿನ್ ಅಲ್ಲಿಯವರೆಗೆ ಹಡೆದ ಸಂತಾನವೆಂದರೆ ಒಂದು ದಿಂಬಿನ ಕವರು, ಒಂದು ಪೈಜಾಮ. ದಿಂಬಿನ ಕವರಿಗೆ ಉತ್ಸಾಹದಲ್ಲಿ ನಾಲ್ಕೂ ಕಡೆ ಹೊಲಿಗೆ ಹಾಕಿ, ದಿಂಬು ತೂರಿಸಲು ಬಾಯಿಯೇ ಇಲ್ಲದಂತೆ ಮಾಡಿದ್ದೆ. ಪೈಜಾಮದೊಳಗೆ ನಮ್ಮವರು ನಿಲ್ಲಬಹುದಿತ್ತು, ಕೂರುವಂತಿರಲಿಲ್ಲ.

ಹೀಗಿರುವಾಗ ನಮ್ಮ ಪುಟ್ಟಿಯ ನರ್ಸರಿ ಶಾಲೆಯಿಂದ ಛದ್ಮವೇಷ ಸ್ಪರ್ಧೆಯ ಸುದ್ದಿ ಬಂತು. ನಮ್ಮವರು, ಅಂದರೆ ಅಶ್ವಥ್, ಚನ್ನಪಟ್ಟಣದಿಂದ ಒಂದು ಕೃಷ್ಣನನ್ನು ಬಾಡಿಗೆಗೆ ತಂದರಾಯಿತು ಎಂದರು. ನನಗೆ ಮೈ ಉರಿಯಿತು. ತಾಯಿಯ ಕೈ ಇರುವಾಗ ಬಾಡಿಗೆ ಕೃಷ್ಣ ಯಾಕೆ? ಹೊಂಗನೂರಿನ ಮಗು, ರೇಷ್ಮೆ ಬೆಳೆಯುವ ಮನೆಯ ಮಗು. ನನ್ನ ಮಗಳು ರೇಷ್ಮೆ ಹುಳವೇ ಆಗಲಿ, ಅದರ ಅಂಗಿಯನ್ನು ನಾನೇ ಹೊಲಿಯುತ್ತೇನೆ ಎಂದು ಘೋಷಿಸಿದೆ.

ಅತ್ತೆ ಸೊಪ್ಪಿನ ಕುಡುಗೋಲನ್ನು ಕಲ್ಲಿಗೆ ತಿಕ್ಕುತ್ತಲೇ ಹೇಳಿದರು.

"ಆಗ್ಲಿ ಕಣವ್ವ. ನೀನು ಬಾಯ್ಬುಡದಂಗೆ ನೋಡ್ದೋರೇ ಇದು ಹುಳ ಅಂತ ಗುರ್ತು ಹಿಡುದ್ರೆ, ನಿನ್ ಮಿಷನ್ನು ಜಗಲೀಲೇ ಇರ್ಲಿ. ಇಲ್ದಿದ್ರೆ ಅವತ್ತೇ ಅಟ್ಟಕ್ಕೆ."

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನೆನಪಾಯಿತು, ಹುಳದ ವಿಷಯದಲ್ಲಿ ನಾನು ಶುದ್ಧ ಅನಕ್ಷರಸ್ಥೆ. ನನ್ನ ತವರಿನಲ್ಲಿ ಇದ್ದದ್ದು ಹಸು, ತೆಂಗು. ಇಲ್ಲಿ ಬಂದ ಹೊಸತರಲ್ಲೇ ಬಸುರಿಯಾದೆ, ಆಮೇಲೆ ಎಳೆಗೂಸು; ಹುಳದ ಮನೆ ತುಳಿಯಬೇಡ ಎಂದು ಅತ್ತೆಯೇ ಹೇಳಿದ್ದರು. ಮಗು ಬೆಳೆದು ಶಾಲೆಗೆ ಹೋದರೂ ಆ ಆಜ್ಞೆಯನ್ನು ನಾನು ಭಕ್ತಿಯಿಂದ ಪಾಲಿಸಿಕೊಂಡು ಬಂದಿದ್ದೆ. ಹುಳ ಉದ್ದಕ್ಕಿರುತ್ತದೆ, ಬೆಳ್ಳಗಿರುತ್ತದೆ, ತಿನ್ನುತ್ತದೆ. ಇಷ್ಟೇ ನನ್ನ ಪಾಂಡಿತ್ಯ.

ಬಟ್ಟೆಗೆ ಚನ್ನಪಟ್ಟಣದ ಸಮೀವುಲ್ಲಾ ಅವರ ಕಟ್‌ಪೀಸ್ ಅಂಗಡಿಗೆ ಹೋದೆ. ಟ್ಯೂಬ್‌ಲೈಟಿನ ಕೆಳಗೆ ಆ ಸ್ಯಾಟಿನ್ ಹಾಲಿನ ಕೆನೆಯ ಬಣ್ಣಕ್ಕಿತ್ತು, ಕೈಯಿಟ್ಟರೆ ಜಾರುವಷ್ಟು ಹೊಳಪು. ಬಸ್ ಸ್ಟಾಂಡಿನ ಬಿಸಿಲಿನಲ್ಲಿ ಬಿಚ್ಚಿ ನೋಡಿದರೆ ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ವಾಪಸು ಕೊಡಲು ಓಡಿದೆ. ಕತ್ತರಿ ಆಡಿಸಿದ ಬಟ್ಟೆಯನ್ನು ಅವರಪ್ಪನ ಕಾಲದಿಂದಲೂ ವಾಪಸು ತೆಗೆದುಕೊಂಡಿಲ್ಲ ಎಂದು ಅವರು ಬಹಳ ಮರ್ಯಾದೆಯಿಂದ ತಿಳಿಸಿದರು.

ಮಧ್ಯಾಹ್ನ ಪುಟ್ಟಿ ಮಲಗಿದಾಗಲೆಲ್ಲ ಹೊಲಿದೆ. ಉದ್ದನೆಯ ಚೀಲ, ಅದಕ್ಕೆ ಗೇಣು ಗೇಣಿಗೂ ಒಂದು ಎಲಾಸ್ಟಿಕ್, ನಡುವೆ ಹತ್ತಿ. ಎಲಾಸ್ಟಿಕ್ಕನ್ನು ಸ್ವಲ್ಪವೇ ಎಳೆದು ಹಿಡಿಯಿರಿ ಎಂದು ಮೊಬೈಲಿನಲ್ಲಿ ಹೊಲಿಗೆ ಹೇಳಿಕೊಡುವ ಹೆಂಗಸು ಹೇಳಿದ್ದಳು. ನಾನು ಬಾವಿಯಿಂದ ಕೊಡ ಎಳೆದಂತೆ ಎಳೆದೆ. ಗಂಟು ಗಂಟಿಗೂ ಬಟ್ಟೆ ಉಬ್ಬಿಕೊಂಡಿತು. ಉಬ್ಬಿದ್ದು ಖಾಲಿ ಕಾಣಬಾರದೆಂದು ಇನ್ನಷ್ಟು ಹತ್ತಿ ತುರುಕಿದೆ. ನಮ್ಮ ಕಡೆ ಕರು ಗುಂಡಗಿದ್ದರೆ ದೃಷ್ಟಿ ತೆಗೆಯುತ್ತಾರೆ. ಹುಳಕ್ಕೂ ಅದೇ ನಿಯಮ ಎಂದುಕೊಂಡೆ. ತಲೆಗೆ ಹೊಲಿದ ಟೊಪ್ಪಿಗೆ ಮಾತ್ರ ಅಳತೆ ತಪ್ಪಿ ಮಗುವಿನ ಮೂಗಿನವರೆಗೆ ಬರುತ್ತಿತ್ತು.

ಸ್ಪರ್ಧೆಯ ದಿನ ಬೆಳಿಗ್ಗೆ ತೊಡಿಸಿದೆ. ಪುಟ್ಟಿ ಟೊಪ್ಪಿಗೆ ಎತ್ತಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ಹೊಟ್ಟೆ ಸವರಿಕೊಂಡು, "ಅಮ್ಮಾ, ನಾನು ಹುಳ ಆಗೋದೆ" ಎಂದು ನನ್ನ ಕಾಲು ತಬ್ಬಿಕೊಂಡಳು. ಆ ಕ್ಷಣದಲ್ಲಿ ನನಗೆ ರಾಜ್ಯ ಪ್ರಶಸ್ತಿ ಬಂದಿದ್ದರೂ ಬೇಡ ಅನ್ನುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಸೊಪ್ಪಿನ ಹೊರೆ ಹೊತ್ತು ಬಂದರು. ಹೊರೆ ಇಳಿಸಿ, ಮೊಮ್ಮಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕತ್ತಿನ ಹತ್ತಿರದ ಉಬ್ಬನ್ನು ಬೆರಳಿನಿಂದ ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಮುಖದಲ್ಲಿ ಡಾಕ್ಟರ ಗಾಂಭೀರ್ಯ.

"ಹಾಲುತೊಂಡೆ" ಎಂದರು.

"ಏನತ್ತೆ ಹಂಗಂದ್ರೆ?"

"ರೋಗ ಕಣವ್ವ. ಗಂಟು ಗಂಟಿಗೆ ಊದ್ಕತದೆ. ಹಳದಿ ತಿರುಗಿ ಮಿರಮಿರ ಅಂತದೆ. ಸೊಪ್ಪು ಬುಟ್ಟು ತಟ್ಟೆ ಅಂಚಲ್ಲೇ ಸುತ್ತತಾ ಇರ್ತದೆ. ಕಡೀಕೆ ಮೈ ಒಡುದು ಹಾಲು ಸುರುಸ್ತದೆ. ನಾವು ಕಂಡ ತಕ್ಷಣ ಎತ್ತಿ ಆಚೆಗಾಕ್ತೀವಿ."

ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ. ಹುಳದ ಮನೆಯ ಮುಂದೆ ಹಾಯಬೇಡಿ, ಹಿತ್ತಲಿನಿಂದ ಹೋಗಿ ಎಂದು ನಮ್ಮನ್ನು ಕಳಿಸಿದರು. ತಿರುಗಿ ನೋಡಿದರೆ, ನಾವು ನಡೆದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಎರಚುತ್ತಿದ್ದರು. (ಸ್ವಂತ ಮೊಮ್ಮಗಳು!)

ಶಾಲೆಯ ಅಂಗಳ ತುಂಬಿತ್ತು. ಕೂತವರಲ್ಲಿ ಮುಕ್ಕಾಲು ಪಾಲು ಹುಳ ಸಾಕುವವರು. ಮುಖ್ಯ ಅತಿಥಿ ರೇಷ್ಮೆ ಇಲಾಖೆಯ ಗಂಗಹನುಮಯ್ಯನವರು. ಕೈ ತೊಳೆದುಕೊಂಡು ಬಂದ ಅತ್ತೆ ಮೊದಲ ಸಾಲಿನಲ್ಲಿ ಪಂಚಾಯ್ತಿಗೆ ಕೂತವರಂತೆ ಕೂತರು. ಪುಟ್ಟಿ ಮಾತ್ರ ಹಾಲಿನ ಬಾಟ್ಲಿ ಇಲ್ಲದೆ ಸ್ಟೇಜು ಹತ್ತುವುದಿಲ್ಲವೆಂದು ಹಟ ಹಿಡಿದಳು. ಅಳಿಸುವುದು ಬೇಡವೆಂದು ಬಾಟ್ಲಿಯನ್ನು ಅಂಗಿಯೊಳಗೆ, ಹೊಟ್ಟೆಯ ಹತ್ತಿಯ ಪಕ್ಕಕ್ಕೆ ಸಿಕ್ಕಿಸಿ ಕಳಿಸಿದೆ.

ಟೊಪ್ಪಿಗೆ ಮೂಗಿಗೆ ಇಳಿಯಿತು. ಕಣ್ಣು ಕಾಣದ ಕೂಸು ಸ್ಟೇಜಿನ ಮಧ್ಯಕ್ಕೆ ಬರುವ ಬದಲು ಕಾಲಿನಿಂದ ತಡವಿಕೊಂಡು ಅಂಚಿನಲ್ಲೇ ನಡೆಯಿತು. ಒಂದು ಸುತ್ತಾಯಿತು. ಎರಡನೆಯ ಸುತ್ತಿಗೆ ಅಂಗಳದಲ್ಲಿ ಗುಜುಗುಜು ಶುರುವಾಯಿತು. ಕೆಳಗಿನಿಂದ ನಾನು, "ನಮಸ್ಕಾರ ಮಾಡು ಮಗಾ" ಎಂದು ಹೇಳಿಕೊಟ್ಟೆ. ಮಗು ವಿಧೇಯತೆಯಿಂದ ಸೊಂಟ ಬಗ್ಗಿಸಿತು. ಬಾಟ್ಲಿಯ ಮುಚ್ಚಳ ಕಳಚಿತು. ನಾನು ಎಳೆದು ಕಟ್ಟಿದ್ದ ಗಂಟಿನ ಸಂದಿಯಿಂದ ಹಾಲು ತೊಟತೊಟ ಸುರಿಯತೊಡಗಿತು.

ಹಿಂದಿನ ಸಾಲಿನಲ್ಲಿ, ನಮ್ಮ ಬೀದಿಯಲ್ಲೇ ಹುಳ ಸಾಕುವ ಚೆಲುವಯ್ಯನವರ ದನಿ ಕೇಳಿತು. "ಒಡುದೋಯ್ತು ಕಣ್ಲಾ. ಎತ್ತಾಕ್ಲಾ ಅದ್ನ, ಬ್ಯಾರೇವುಕ್ಕೂ ಅಂಟ್ಕತದೆ."

ಇಡೀ ಅಂಗಳ ನಕ್ಕಿತು. ಪುಟ್ಟಿ ತನಗೇ ಚಪ್ಪಾಳೆ ಅಂದುಕೊಂಡು ಇನ್ನೊಮ್ಮೆ ಬಗ್ಗಿದಳು, ಇನ್ನಷ್ಟು ಹಾಲು ಸುರಿಯಿತು. ನಾನು ಕಂಬದ ಹಿಂದೆ ಸೇರಿಕೊಂಡೆ.

ಆದರೆ ಗಂಗಹನುಮಯ್ಯನವರು ಎದ್ದು ನಿಂತು ಮೈಕ್ ತೆಗೆದುಕೊಂಡರು. ತಮ್ಮ ಇಷ್ಟು ವರ್ಷದ ಸರ್ವೀಸಿನಲ್ಲಿ ಹಾಲುತೊಂಡೆಯ ಲಕ್ಷಣಗಳನ್ನು ಇಷ್ಟು ಕರಾರುವಾಕ್ಕಾಗಿ, ಹಾಲಿನ ಸಮೇತ ತೋರಿಸಿದವರನ್ನು ಕಂಡಿಲ್ಲವಂತೆ. ಈ ತಾಯಿಯ ಅಧ್ಯಯನಕ್ಕೆ ಮೊದಲ ಬಹುಮಾನವಂತೆ. ಬಹುಮಾನದ ಪ್ಲಾಸ್ಟಿಕ್ ಬೇಸಿನ್ ಇಸಿದುಕೊಳ್ಳುವಾಗ ನಾನು ಅಧ್ಯಯನ ಮಾಡಿದವಳ ಮುಖ ಮಾಡಿದೆ. (ಸುಲಭವಲ್ಲ. ಮಾಡಿ ನೋಡಿ.) ಸೋಮವಾರದ ರೈತರ ತರಬೇತಿಗೆ ದೊಡ್ಡವರ ಅಳತೆಯಲ್ಲಿ ಇಂಥದೇ ಇನ್ನೊಂದು ಹೊಲಿದುಕೊಡಿ ಎಂದು ಕೇಳಿದರು. ಧಾರಾಳವಾಗಿ ಒಪ್ಪಿಕೊಂಡೆ.

ಅತ್ತೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಊರಿಗೆ ಊರೇ ಹುಳ ಅಂತ ಗುರುತು ಹಿಡಿದಿತ್ತು, ಕಾಯಿಲೆಯ ಹೆಸರಿನ ಸಮೇತ. ಮೆಷಿನ್ ಜಗಲಿಯಲ್ಲೇ ಉಳಿಯಿತು.

ಪುಟ್ಟಿ ಆ ಅಂಗಿ ಬಿಚ್ಚಲು ಒಪ್ಪದೆ ಅದರಲ್ಲೇ ಉಂಡಳು, ಅದರಲ್ಲೇ ಮಲಗಿದಳು. ಮಲಗಿದವಳ ಸೊಂಟದಲ್ಲಿ ಎಲಾಸ್ಟಿಕ್ ಒತ್ತಿ ಕೆಂಪು ಬರೆ ಎದ್ದಿತ್ತು. ಇಡೀ ಊರು ನಕ್ಕಿದ್ದಕ್ಕಿಂತ ಆ ಬರೆ ಹೆಚ್ಚು ನೋಯಿಸಿತು. ಮಾರನೆಯ ದಿನ ಕೂತು ಒಂದೊಂದೇ ಹೊಲಿಗೆ ಬಿಚ್ಚಿದೆ. ಎಲ್ಲಿ ಎಳೆದಿದ್ದೆ, ಎಲ್ಲಿ ಅಂಚು ಬಿಟ್ಟಿರಲಿಲ್ಲ, ಟೊಪ್ಪಿಗೆ ಯಾಕೆ ಜಾರಿತು, ಎಲ್ಲ ಕಣ್ಣಿಗೆ ಕಂಡಿತು. ಮಗುವಿನ ಮೈಗೆ ಅಳತೆ ಹಿಡಿದು ಮತ್ತೆ ಹೊಲಿದೆ. ಈ ಸಲ ಅವಳು ಕೂತಳು, ಓಡಿದಳು, ಅವಳಿಗೆ ಕಣ್ಣೂ ಕಂಡಿತು.

ಆ ಧೈರ್ಯದ ಮೇಲೆ ಇಲಾಖೆಯ ಹುಳಕ್ಕೆ ಕೈ ಹಾಕಿದೆ. ಅದೇ ಸ್ಯಾಟಿನ್, ಅದೇ ಹತ್ತಿ. ಭಾನುವಾರ ಮಧ್ಯಾಹ್ನ ನಮ್ಮವರಿಗೆ ತೊಡಿಸಿ ಅತ್ತೆಯ ಮುಂದೆ ನಿಲ್ಲಿಸಿದೆ. ಅತ್ತೆ ಮಗನ ಸುತ್ತ ಬಂದರು, ಒತ್ತಿ ನೋಡಿದರು.

"ಒಂದ್ ಗಂಟೂ ಊದ್ಕೊಂಡಿಲ್ಲ. ಇದು ಹಣ್ಣು ಹುಳ ಕಣವ್ವ, ಇವತ್ತೋ ನಾಳೆಗೋ ಗೂಡು ಕಟ್ತದೆ. ಬೋ ಲಕ್ಷಣವಾಗೈತೆ."

"ನನ್ ಜನ್ಮದಲ್ಲಿ ಅವ್ವ ನನ್ನ ಲಕ್ಷಣವಾಗಿವ್ನೆ ಅಂದಿದ್ದು ಇದೇ ಮೊದ್ಲು" ಎಂದು ನಮ್ಮವರು ಹುಳದೊಳಗಿನಿಂದ ಹಿಗ್ಗಿದರು.

ನನಗೆ ಅಳು ಬಂತು. ಇಲಾಖೆಗೆ ಬೇಕಾದ್ದು ರೋಗ. ನಾನು ಹೊಲಿದದ್ದು ಆರೋಗ್ಯ. ಬಿಚ್ಚಿ, ಬೇಕಂತಲೇ ಎಳೆಯಲು ಹೋದೆ. ಎಳೆಯುವಾಗಲೆಲ್ಲ ಪುಟ್ಟಿಯ ಸೊಂಟದ ಬರೆ ಕಣ್ಣ ಮುಂದೆ ಬಂದು ಕೈ ತಾನಾಗಿ ಸಡಿಲವಾಗುತ್ತಿತ್ತು. ಎಷ್ಟು ಸಲ ಕೆಡಿಸಿದರೂ ಚೆನ್ನಾಗಿಯೇ ಬರುತ್ತಿತ್ತು.

ಅತ್ತೆ ಸ್ವಲ್ಪ ಹೊತ್ತು ನೋಡಿ, "ಏಳವ್ವ ಅತ್ಲಾಗೆ" ಎಂದರು.

ಕೂತರು. ಮೊದಲ ಸಲ ತುಳಿದಾಗ ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಹೋಯಿತು. ಮೆಷಿನ್ನಿಗೆ ಎರಡು ಮಾತು ಬೈದು, ಹೋರಿಯ ಮೂಗುದಾರ ಹಿಡಿದಂತೆ ಎಲಾಸ್ಟಿಕ್ ಹಿಡಿದು ಎಳೆದರು. ಹೊತ್ತು ಮುಳುಗುವುದರೊಳಗೆ ಜಗಲಿಯ ಮೇಲೆ ಎಂಥ ಭೀಕರ ಹಾಲುತೊಂಡೆ ಮಲಗಿತ್ತೆಂದರೆ, ಅದನ್ನು ತೊಡಲು ನಮ್ಮವರು ಒಪ್ಪಲಿಲ್ಲ.

ತರಬೇತಿಯಲ್ಲಿ ಗಂಗಹನುಮಯ್ಯನವರು ಹಿರಿಹಿರಿ ಹಿಗ್ಗಿದರಂತೆ. ಈಗ ಹುಳದ ಇನ್ನೆರಡು ಕಾಯಿಲೆ, ಸಪ್ಪೆ ರೋಗ, ಸುಣ್ಣಕಟ್ಟು ರೋಗ, ಎರಡಕ್ಕೂ ಆರ್ಡರ್ ಬಂದಿದೆ, ಶ್ರೀಮತಿ ಬೋರಮ್ಮನವರ ಹೆಸರಿಗೆ. ಅವರು ಜಗಲಿ ಬಿಟ್ಟು ಏಳುವುದಿಲ್ಲ. ಹುಳಕ್ಕೆ ಸೊಪ್ಪು ಹಾಕುವುದು, ಕಸ ತೆಗೆಯುವುದು, ನಿಜವಾದ ಹಾಲುತೊಂಡೆಗಳನ್ನು ಆರಿಸಿ ಆ ಬಹುಮಾನದ ಬೇಸಿನ್ನಿಗೆ ಹಾಕುವುದು ನನ್ನ ಪಾಲಿಗೆ ಬಂದಿದೆ.

ಹಾಗಂತ ಮೆಷಿನ್ ನನ್ನ ಕೈ ತಪ್ಪಿತು ಅನ್ನುವಂತಿಲ್ಲ. ಅತ್ತೆಗೆ ಕಣ್ಣು ಮಂದ. ಅವರು ಕೂಗಿದಾಗಲೆಲ್ಲ ಹುಳದ ಮನೆಯಿಂದ ಓಡಿಬಂದು ಸೂಜಿಗೆ ದಾರ ಪೋಣಿಸಿ ಹೋಗುತ್ತೇನೆ.