ವೇಟಿಂಗ್ ಲಿಸ್ಟಿನಲ್ಲಿ ಎರಡನೆಯವಳು

ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಬಂದವರಿಗೆಲ್ಲ 'ನಾಳೆ ಬನ್ನಿ' ಎಂದವಳು ನಾನು. ಆ ಮಾತು ಕಿಟಕಿಯ ಆಚೆ ನಿಂತವರ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದು ಗೊತ್ತಾದದ್ದು ನಿವೃತ್ತಳಾದ ಮೇಲೆ. ಇತಿಹಾಸ ಓದಬೇಕೆಂಬ ಹಳೆಯ ಆಸೆಯೊಂದು ನೌಕರಿ ಸಿಕ್ಕ ಸಂಭ್ರಮದಲ್ಲಿ ಮೂಲೆ ಸೇರಿತ್ತು. ಈಗ ಬಿಡುವಿದೆಯಲ್ಲ ಎಂದು ಎಂ.ಎ.ಗೆ ಅರ್ಜಿ ಹಾಕಿದೆ. ಸೀಟು ಸಿಗಲಿಲ್ಲ, ವೇಟಿಂಗ್ ಲಿಸ್ಟಿನಲ್ಲಿ ಎರಡನೆಯ ಜಾಗ ಸಿಕ್ಕಿತು. ನಮ್ಮ ಯಜಮಾನರಿಗೆ ಈ ಎರಡರ ವ್ಯತ್ಯಾಸ ತಿಳಿಯಲಿಲ್ಲ. ಅವರು ಸರಸ್ವತಿಪುರಂನ ನಮ್ಮ ಬೀದಿಗೆಲ್ಲ ಸುದ್ದಿ ಹಂಚಿಬಿಟ್ಟರು. ಸೊಪ್ಪು ಮಾರುವಾಕೆಯೂ ಕಾಲೇಜು ಶುರುವಾಯಿತಾ ಎಂದು ವಿಚಾರಿಸತೊಡಗಿದ ಮೇಲೆ ನಾನು ಹಿಂದಿನ ರಸ್ತೆಯಲ್ಲಿ ಓಡಾಡುವಂತಾಯಿತು.

ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗಿ ನೋಟಿಸ್ ಬೋರ್ಡು ನೋಡುವುದು ನನ್ನ ಉದ್ಯೋಗವಾಯಿತು. ಕಿಟಕಿಯ ಗುಮಾಸ್ತರು ಮೊದಲ ದಿನವೇ, ಸಹಿ ಬೇಕಾಗುತ್ತೆ, ಮಗಳನ್ನೇ ಕಳಿಸಿ ಎಂದರು. ಮಗಳು ಓದು ಮುಗಿಸಿ ಅವಳ ಮಗನೇ ಸ್ಕೂಲಿಗೆ ಹೋಗುತ್ತಿದ್ದಾನೆ, ಅರ್ಜಿ ನನ್ನದೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಾಳೆ ಬನ್ನಿ ಎಂದರು.

ಲಿಸ್ಟಿನಲ್ಲಿ ನನಗಿಂತ ಮೊದಲಿದ್ದವಳು ಅಶೋಕಪುರಂನ ಸವಿತಾ. ಅವಳೂ ದಿನಾ ಬರುತ್ತಿದ್ದಳು. ಮೇಷ್ಟ್ರಾಗುವುದು ಅವಳ ಆಸೆ, ಬಿ.ಎಡ್. ಸಿಗದಿದ್ದರೆ ಇರಲಿ ಎಂದು ಇಲ್ಲಿ ಅರ್ಜಿ ಹಾಕಿದ್ದಳು. ಇದು ತಿಳಿದ ದಿನದಿಂದ ದೇವರ ಮುಂದೆ ನಾನು ಅವಳ ಬಿ.ಎಡ್. ಒಂದನ್ನೇ ಕೇಳತೊಡಗಿದೆ. ನನ್ನ ಸ್ವಂತ ಮಗಳ ಪರೀಕ್ಷೆಗೂ ಅಷ್ಟು ಭಕ್ತಿಯಿಂದ ಕೈಮುಗಿದಿರಲಿಲ್ಲ.

ಅವಳಿಗೆ ಬಿ.ಎಡ್. ಸೀಟು ಸಿಕ್ಕೇಬಿಟ್ಟಿತು. ಆದರೆ ಅವಳು ಡಿಗ್ರಿ ಓದಿದ ಕಾಲೇಜಿನ ಟಿ.ಸಿ. ಕೈಗೆ ಬಂದಿರಲಿಲ್ಲ. ಅಂದು ನಾಲ್ಕು ಗಂಟೆಯೊಳಗೆ ತಂದುಕೊಡದಿದ್ದರೆ ಸೀಟು ಬೇರೆಯವರಿಗೆ. ಸವಿತಾ ಬೋರ್ಡಿನ ಮುಂದೆ ಸಪ್ಪಗೆ ನಿಂತು, "ಓಗ್ಲಿ ಬುಡಿ ಆಂಟಿ, ನಾಳೆ ಬಾ ಅಂದ್ಬುಟ್ರು. ಇಲ್ಲೇ ಎಂ.ಎ. ಮಾಡ್ತೀನಿ" ಎಂದಳು. ನಾನು ಗಡಿಯಾರ ನೋಡಿಕೊಂಡೆ. ಅವಳ ಕೈಹಿಡಿದು ಆಟೋ ಹತ್ತಿದೆ.

ಆ ಕಾಲೇಜಿನ ಗುಮಾಸ್ತರು ಮತ್ತೆ ಅದೇ ಮಾತು ಹೇಳಿದರು. ಜಗಳ ಆಡುವವರನ್ನು ಸಾಗಹಾಕುವುದು ಸುಲಭ, ಸುಮ್ಮನೆ ಕೂರುವವರನ್ನು ಸಾಗಹಾಕಲಾಗದು ಎಂಬುದು ನನ್ನ ಸೇವಾವಧಿಯ ಅನುಭವ. ಅವರ ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಚೀಲದಿಂದ ಬಟಾಣಿಕಾಯಿ ತೆಗೆದು ಸುಲಿಯುತ್ತ ಕೂತೆ. ಸ್ವಲ್ಪ ಹೊತ್ತು ನೋಡದ ಹಾಗಿದ್ದರು. ಸಿಪ್ಪೆಯ ರಾಶಿ ಅವರ ಫೈಲಿನ ಹತ್ತಿರ ಬಂದಾಗ ಎದ್ದು ಒಳಗೆ ಹೋದವರು ಪ್ರಿನ್ಸಿಪಾಲರ ಸಹಿ ಹಾಕಿಸಿಕೊಂಡೇ ಬಂದರು. ಮೂರು ಮುಕ್ಕಾಲಿಗೆ ಸವಿತಾ ಬಿ.ಎಡ್. ವಿದ್ಯಾರ್ಥಿನಿ.

ಮೂರನೆಯ ದಿನ ಎಂ.ಎ.ಯಲ್ಲಿ ಒಂದು ಸೀಟು ಖಾಲಿಯಾಗಿ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು. ಸವಿತಾ ಮಲ್ಲಿಗೆ ಹೂವು ತಂದು, ನಿಮ್ಮ ಉಪಕಾರ ಮರೆಯಲ್ಲ ಎಂದು ಕಣ್ಣು ತುಂಬಿಕೊಂಡಳು. ನನ್ನ ಮನಸ್ಸು ಚುಚ್ಚಿತು. "ನೋಡಮ್ಮ, ಸುಳ್ಳು ಯಾಕೆ, ನಾನು ಓಡಾಡಿದ್ದು ನನ್ನ ಸೀಟಿಗೋಸ್ಕರ ಕಣಮ್ಮ" ಎಂದೆ.

"ಗೊತ್ತಿತ್ತು ಆಂಟಿ," ಎಂದಳು ಹೂವು ಮುಡಿಸುತ್ತ. "ಅದ್ಕೇ ಟಿ.ಸಿ. ಸಿಗ್ಲಿಲ್ಲ ಅಂತ ನಿಮ್ಮುಂದೆನೇ ಬಂದು ಏಳಿದ್ದು. ನಿಮ್ಮಷ್ಟು ಓಡಾಡೋರು ಇನ್ಯಾರು ಸಿಗ್ತಿದ್ರು?"

ಇಬ್ಬರೂ ಕಾರಿಡಾರಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈಗ ಕ್ಲಾಸು ಶುರುವಾಗಿ ತಿಂಗಳಾಗಿದೆ. ಮೊನ್ನೆ ಬೆಳಿಗ್ಗೆ ಯಾರೋ ಬಂದು, ಮೇಷ್ಟ್ರಿಗೆ ಜ್ವರ, ಇವತ್ತು ಪಾಠವಿಲ್ಲ ಎಂದರು. ಇಷ್ಟೆಲ್ಲ ಪಾಡುಪಟ್ಟು ಸೀಟು ಗಿಟ್ಟಿಸಿದವಳಲ್ಲವೆ, ನನಗೆ ಎಷ್ಟು ಬೇಸರವಾಗಿರಬೇಡ ಎಂದು ನೀವು ಅಂದುಕೊಳ್ಳಬಹುದು. ಇಡೀ ತರಗತಿಯಲ್ಲಿ ಮೊದಲು ಚಪ್ಪಾಳೆ ಹೊಡೆದವಳು ನಾನೇ.