ಹರಕೆಯ ಹುಂಜಕ್ಕೆ ಏಳು ಹೊಲಿಗೆ

ಊರಿನಲ್ಲಿ ಒಬ್ಬಳು ನರ್ಸ್ ಇದ್ದಾಳೆಂದು ಗೊತ್ತಾದರೆ ಸಾಕು, ಇಂಥ ಕೇಸುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ನಾನು ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವವಳು. ಮನೆ ಮಟ್ಟುವಿನಲ್ಲಿ. ಬೆಕ್ಕಿನ ಕಿವಿ, ಆಡಿನ ಕಾಲು ಎಲ್ಲ ನನ್ನ ಜಗಲಿಗೆ ಬಂದಿವೆ. ಒಬ್ಬರು ಹರಿದ ಹಾಸಿಗೆಯನ್ನೂ ಹೊತ್ತು ತಂದಿದ್ದರು. "ಹೇಗೂ ನಿಮ್ಮಲ್ಲಿ ಸೂಜಿ ಉಂಟಲ್ಲ" ಎಂದರು. ಆದರೆ ಪಕ್ಕದ ಮನೆಯ ಹುಂಜ ಬಂದ ಮೇಲೆ ಅವೆಲ್ಲ ಏನೂ ಅಲ್ಲ ಅನ್ನಿಸಿತು.

೧. ಬದುಕಿಸಿ, ಕೊಯ್ಯಲಿಕ್ಕುಂಟು

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಓಡಿಬಂದರು. ಕಾಪು ಪೇಟೆಯಲ್ಲಿ ಮೀನು ಮಾರುವ ಗಟ್ಟಿ ಹೆಂಗಸು. ಅವತ್ತು ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಬೈರಾಸಿನಲ್ಲಿ ಸುತ್ತಿದ ಕಪ್ಪು ಹುಂಜವಿತ್ತು. ಗುಳ್ಳ ಬದನೆಯ ಗದ್ದೆಯ ಬೇಲಿಯ ಹತ್ತಿರ ಮುಂಗುಸಿ ಹಿಡಿದು ಬಾಲದ ಬುಡ ಹರಿದುಹಾಕಿತ್ತು.

"ಸಿಸ್ಟರೇ, ಹೇಗಾದರೂ ಮಾಡಿ ಇದನ್ನು ಬದುಕಿಸಿ."

"ಇದರ ಮೇಲೆ ಅಷ್ಟು ಪ್ರೀತಿಯಾ ಅಕ್ಕ?" ಎಂದೆ.

"ಪ್ರೀತಿ ಎಂತದ್ದು? ಬರುವ ತಿಂಗಳು ಕೊಯ್ಯಲಿಕ್ಕುಂಟು."

ವಿಷಯ ಇಷ್ಟು. ಅಕ್ಕನ ಗಂಡನಿಗೆ, ನಾನು ಭಾವ ಎಂದು ಕರೆಯುವವರಿಗೆ, ಹರ್ನಿಯಾ ಆಪರೇಷನ್ ಆಗಿತ್ತು. ಅವರು ಸುಖವಾಗಿ ಮನೆಗೆ ಬಂದರೆ ಮನೆಯ ದೈವಕ್ಕೆ ಈ ಹುಂಜವನ್ನು ಕೊಡುತ್ತೇನೆ ಎಂದು ಅಕ್ಕ ಹರಕೆ ಹೇಳಿಕೊಂಡಿದ್ದರು. ಭಾವ ಬಂದರು. ಇನ್ನು ದೈವದ ವಾರ್ಷಿಕ ಪೂಜೆಯಾದ ತಂಬಿಲದ ದಿನ ಹುಂಜವನ್ನು ಒಪ್ಪಿಸಬೇಕು. ಅದಕ್ಕೆ ಒಂದಿಷ್ಟೂ ಊನ ಇರಬಾರದು.

"ಅಲ್ಲಿವರೆಗೆ ಇದು ಸಾಯುವ ಹಾಗಿಲ್ಲ ಸಿಸ್ಟರೇ" ಎಂದರು ಅಕ್ಕ. "ಅದರ ಮೇಲೆ ಬೇಕಾದರೆ ಸಾಯಲಿ."

೨. ಬಲೆ ಹೊಲಿಯುವವರ ಕಣ್ಣು

ದನದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕಾರ್ಕಳದಲ್ಲಿ ಮದುವೆ ಊಟಕ್ಕೆ ಕುಳಿತಿದ್ದರು. "ಸಲೈನಿನಲ್ಲಿ ತೊಳೆದು ಹೊಲಿಯಿರಿ, ಬೆಚ್ಚಗೆ ಇಡಿ, ನಾಳೆ ತೋರಿಸಿ" ಎಂದರು. ಹಿನ್ನೆಲೆಯಲ್ಲಿ ಯಾರೋ ಅವರಿಗೆ ಕೋಳಿ ಸುಕ್ಕ ಬೇಕಾ ಎಂದು ಕೇಳುತ್ತಿದ್ದರು.

ಹುಂಜದ ತಲೆಗೆ ಬಟ್ಟೆ ಮುಚ್ಚಿದರೆ ಅದು ಕತ್ತಲಾಯಿತೆಂದು ಸುಮ್ಮನಾಗುತ್ತದೆ. ಮುಚ್ಚಿದೆವು. ಅದನ್ನು ಹಿಡಿದುಕೊಂಡ ಭಾವ ತಾವೂ ಕಣ್ಣು ಮುಚ್ಚಿಕೊಂಡರು. ಭಾವ ನಲವತ್ತು ವರ್ಷ ದೋಣಿಯವರ ಬಲೆ ಹೊಲಿದವರು. ಮೂರನೆಯ ಹೊಲಿಗೆಗೆ ಒಂದು ಕಣ್ಣು ತೆರೆದರು.

"ಸಿಸ್ಟರೇ, ಇದರಲ್ಲಿ ಅಂಜಲಿನಂಥ ದೊಡ್ಡ ಮೀನು ಸಹ ನಿಲ್ಲುವುದಿಲ್ಲ."

"ಇದು ಬಲೆ ಅಲ್ಲ ಭಾವ."

"ಬಲೆ ಆಗಿದ್ದರೆ ನಾನು ನಿಮ್ಮ ಕೈಗೆ ಕೊಡುತ್ತಲೇ ಇರಲಿಲ್ಲ."

ಏಳು ಹೊಲಿಗೆ ಬಿದ್ದವು. ಭಾವ ಅಂಗಿ ಎತ್ತಿ ತಮ್ಮದನ್ನು ತೋರಿಸಿದರು. "ನನಗೂ ಏಳೇ. ಆದರೆ ನನ್ನದು ಒಂದು ಸಾಲಿನಲ್ಲಿ ಉಂಟು."

ಅಷ್ಟರಲ್ಲಿ ಅಕ್ಕ ಅಂಗಳದಲ್ಲಿ ನಿಂತು ದೈವಕ್ಕೆ ಕೈಮುಗಿಯುತ್ತಿದ್ದರು. "ಈ ಹುಂಜ ಗುಣವಾದರೆ ಆ ಕೆಂಪು ಹುಂಜವನ್ನೂ ಕೊಡ್ತೇನೆ." ಕೆಂಪು ಹುಂಜ ಪಾಪ, ಅವರ ಕಾಲಬುಡದಲ್ಲೇ ಅಕ್ಕಿ ಹೆಕ್ಕುತ್ತಿತ್ತು.

೩. ನೋಡಿಕೊಂಡು ಹೋಗಲು ಬಂದವರು

ಭಾವ ಮತ್ತು ಕಪ್ಪು ಹುಂಜ ಒಂದೇ ಜಗಲಿಯಲ್ಲಿ ಮಲಗಿ ಗುಣವಾಗತೊಡಗಿದರು. ಇಬ್ಬರೂ ಹಾರಬಾರದು, ಭಾರ ಎತ್ತಬಾರದು ಎಂದಿದ್ದೆ. ಭಾವ ತಮ್ಮ ಗಂಜಿಯಲ್ಲಿ ಅದಕ್ಕೂ ಪಾಲು ಕೊಡುತ್ತಿದ್ದರು.

ಭಾವನನ್ನು ನೋಡಲು ಬಂದವರು ಹುಂಜವನ್ನೂ ನೋಡಿ, "ಛೆ, ಎಷ್ಟು ಬಡವಾಗಿದೆ" ಎನ್ನುತ್ತಿದ್ದರು. ಭಾವ ಬಡವಾದದ್ದು ಯಾರಿಗೂ ಕಾಣಲಿಲ್ಲ. ಕಲ್ಯಾಣಪುರದಿಂದ ಬಂದವರು ಎಳನೀರು ತಂದರು. ಕಾರ್ಕಳದ ಅತ್ತೆ ಮಾತ್ರ ಒಂದು ದೊಡ್ಡ ಕಟ್ಟು ಒಣ ರೊಟ್ಟಿ ತಂದರು, ಕೋಳಿ ಸಾರಿಗೆ ಮುರಿದು ಹಾಕುವ ರೊಟ್ಟಿ.

"ನನಗೆ ಗಂಜಿ ಮಾತ್ರ ಅತ್ತೆ" ಎಂದರು ಭಾವ.

"ನಿನಗಲ್ಲ ಮಾರಾಯ" ಎಂದ ಅತ್ತೆ ಹುಂಜವನ್ನು ಕಣ್ಣಲ್ಲೇ ತೂಗಿದರು. "ಅದಕ್ಕೆ ಹೆಚ್ಚುಕಡಿಮೆ ಆದರೆ ಇರಲಿ ಅಂತ."

೪. ಎಲ್ಲೂರಿನ ಮಾವನ ತಪಾಸಣೆ

ಒಂದು ದಿನ ಡ್ರೆಸ್ಸಿಂಗ್ ಬದಲಿಸುವಾಗ ಭಾವ ಮೆಲ್ಲಗೆ ಹೇಳಿದರು. "ನನ್ನ ಪ್ರಾಣಕ್ಕೆ ಇದರ ಪ್ರಾಣ ಒಪ್ಪಿಸಿದ್ದು ಅಲ್ವಾ. ಮುಖ ನೋಡಲಿಕ್ಕೆ ನಾಚಿಕೆ ಆಗ್ತದೆ. ಇದು ಪೂರ್ತಿ ಗುಣ ಆಗದೆ ಇದ್ದರೆ ಒಳ್ಳೆಯದಿತ್ತು."

ನನಗೆ ತುಂಬ ಬೇಸರವಾಯಿತು. ರೋಗಿಯ ಕಡೆಯವರು ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ತಂಬಿಲಕ್ಕೆ ಎರಡು ವಾರ ಇರುವಾಗ ಎಲ್ಲೂರಿನಿಂದ ಅಕ್ಕನ ಸೋದರಮಾವ ಬಂದರು. ದೈವದ ಕೆಲಸ ನೋಡುವ ಹಿರಿಯರು, ಅವರು ಹೇಳಿದ್ದೇ ಕೊನೆ. ಗಾಯ ಮಾಗಿತ್ತು. ಆದರೆ ಹುಂಜ ಪೂರ್ವಕ್ಕೆ ನಡೆದರೆ ಬಾಲ ಉತ್ತರಕ್ಕೆ ಹೋಗುತ್ತಿತ್ತು.

"ಇದನ್ನು ಹೊಲಿದದ್ದು ಯಾರು?"

"ಮಣಿಪಾಲದ ಸಿಸ್ಟರ್" ಎಂದರು ಅಕ್ಕ.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮನುಷ್ಯರಿಗೂ ಹೀಗೆಯಾ?" ಆಮೇಲೆ ಅಕ್ಕನಿಗೆ ಹೇಳಿದರು. "ಊನ ಉಂಟು. ದೈವಕ್ಕೆ ಆಗುವುದಿಲ್ಲ. ಇದು ಬದುಕಿಕೊಳ್ಳಲಿ. ಆ ಕೆಂಪು ಹುಂಜ ಒಂದನ್ನೇ ಕೊಡು, ಎರಡೂ ಹರಕೆ ತೀರಿತು."

ಮರುದಿನ ನನ್ನ ಬಾಗಿಲಲ್ಲಿ ಒಂದು ಬುಟ್ಟಿ ಎಳೆ ಗುಳ್ಳ ಇತ್ತು. ಭಾವ ತಂದದ್ದು. ಕೆಟ್ಟ ಹೊಲಿಗೆಗೆ ನನಗೆ ಸಿಕ್ಕ ಮೊದಲ ಬಹುಮಾನ ಅದು.

೫. ನಲವತ್ತು ವರ್ಷದ ಕೈ

ಮುಂಗುಸಿಗೆ ದಾರಿ ಗೊತ್ತಾಗಿತ್ತು. ಅದೇ ವಾರ ಬಂದು ಕೆಂಪು ಹುಂಜದ ತೊಡೆ ಹರಿಯಿತು. ಈ ಸಲ ಅಕ್ಕ ಹುಂಜವನ್ನು ನನ್ನಲ್ಲಿಗೆ ತರಲಿಲ್ಲ.

"ಬೇಸರ ಮಾಡಬೇಡಿ ಸಿಸ್ಟರೇ. ತೊಳೆದು ಕೊಡಿ, ಸೂಜಿ ನೂಲು ಕೊಡಿ, ಸಾಕು. ಹೊಲಿಯುವುದು ಇವರು."

ತೊಳೆದು ಕೊಟ್ಟೆ. ಭಾವ ಸೂಜಿ ಹಿಡಿದರು. ತೂಗುವ ದೋಣಿಯಲ್ಲಿ ಕುಳಿತು ಕಣ್ಣು ಮುಚ್ಚಿ ಬಲೆ ಹೊಲಿದ ಕೈ ಅದು. ಮೊದಲ ಹೊಲಿಗೆ ಮೇಲೆ ಹೋಯಿತು. ಎರಡನೆಯದು ಅಡ್ಡ ಬಿತ್ತು. ಮೂರನೆಯದು ಹುಂಜದ ತೊಡೆಯನ್ನು ತಲೆಗೆ ಮುಚ್ಚಿದ ಬೈರಾಸಿಗೆ ಸೇರಿಸಿತು. ನಾನು ಭಾವನ ಮುಖ ನೋಡಿದೆ. ಅವರು ನನ್ನ ಮುಖ ನೋಡಲೇ ಇಲ್ಲ.

ತಂಬಿಲದ ದಿನ ಕುಂಟುತ್ತ ಬಂದ ಕೆಂಪು ಹುಂಜವನ್ನು ನೋಡಿ ಮಾವ ತಲೆಯ ಮೇಲೆ ಕೈಯಿಟ್ಟರು. "ಇದೂ ಆಗುವುದಿಲ್ಲ. ಈ ವರ್ಷ ತೆಂಗಿನಕಾಯಿ ಇಡುವ. ಎಲ್ಲ ತೀರಿತು ಅಂತ ನಾನು ಪ್ರಾರ್ಥನೆ ಮಾಡ್ತೇನೆ."

ಭಾವ ಮೆಟ್ಟಿಲ ಮೇಲೆ ಕುಳಿತು, ಬಾಲ ತಿರುಗಿದ ಹುಂಜಕ್ಕೂ ಕುಂಟು ಹುಂಜಕ್ಕೂ ಅಂಗೈಯಲ್ಲಿ ಅಕ್ಕಿ ಹಿಡಿದಿದ್ದರು. ಅಷ್ಟು ನೆಮ್ಮದಿಯ ಮುಖ ಆಪರೇಷನ್ ಆದ ಮೇಲೆ ನಾನು ನೋಡಿದ್ದು ಅದೇ ಮೊದಲು.

ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

"ಇವರ ಹೊಲಿಗೆ ನೋಡಿದಿರಲ್ಲ ಸಿಸ್ಟರೇ. ಆಪರೇಷನ್ ಆದ ಮೇಲೆ ಕೈ ನಡುಗ್ತಾ ಉಂಟು. ಪಾಪ, ಹೇಳಿಕೊಳ್ಳುವುದಿಲ್ಲ. ಅದು ಗುಣವಾಗಲಿ ಅಂತ ನಿನ್ನೆಯೇ ಒಂದು ಬಿಳಿ ಹುಂಜ ಹರಕೆ ಹೇಳಿಕೊಂಡೆ."

ಮೆಟ್ಟಿಲ ಮೇಲಿದ್ದ ಭಾವನಿಗೂ ಅದು ಕೇಳಿಸಿತು. ಅವರ ಅಂಗೈಯ ಅಕ್ಕಿ ಚೆಲ್ಲಿಹೋಯಿತು. ಈ ಸಲ ಕೈ ನಿಜವಾಗಿಯೂ ನಡುಗುತ್ತಿತ್ತು.