ಕಪ್ಪು ಸಾರಿನ ಆಸೆ

ಲುಬ್ಲಿನ್ ಕಡೆ ನನ್ನನ್ನು ದೊಡ್ಡ ಜಮೀನ್ದಾರ ಎನ್ನುತ್ತಾರೆ. ಕಣ್ಣು ಹಾಯುವಷ್ಟು ದೂರ ಗೋಧಿ, ಕೊಳದ ತುಂಬ ಬಾತುಕೋಳಿ. ಇಷ್ಟಿದ್ದೂ ನನ್ನ ಮನೆಯಲ್ಲಿ ನನಗೊಂದು ಬಟ್ಟಲು ಕಪ್ಪು ಸಾರಿಗೆ ಗತಿಯಿಲ್ಲ!

ಬಾತುಕೋಳಿಯ ರಕ್ತಕ್ಕೆ ಹುಳಿ ಬೆರೆಸಿ, ಒಣಗಿದ ಮರಸೇಬು ಹಾಕಿ ಕುದಿಸಿದ ಸಾರು ಅದು. (ಬರೆಯುವಾಗಲೇ ಬಾಯಲ್ಲಿ ನೀರು.) ಆದರೆ ಹೆಣ್ಣು ಕೇಳಲು ಬಂದ ಹುಡುಗ ಒಪ್ಪಿಗೆಯಾಗದಿದ್ದರೆ ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ, ಅವನ ಮುಂದೆ ಕಪ್ಪು ಸಾರು ಇಡುತ್ತಾರೆ. ಅವನು ತೆಪ್ಪಗೆ ಟೋಪಿ ಎತ್ತಿಕೊಂಡು ಹೊರಡಬೇಕು. ಹೀಗಾಗಿ ಮಗಳು ತೆಕ್ಲಾ ದೊಡ್ಡವಳಾದಾಗಿನಿಂದ ನನ್ನ ಹೆಂಡತಿ ಕುನೆಗುಂದಾಳ ರಾಜಾಜ್ಞೆ: "ಅವ್ಳ ಮದ್ವೆ ಆಗೋವರ್ಗೂ ಆ ಸಾರಿನ ಹೆಸರೆತ್ತಿದ್ರೆ ನೋಡಿ!"

ಆ ಭಾನುವಾರ ತಾಯಿ ಮಗಳು ಚರ್ಚಿಗೆ ಹೋಗಿ, ಹಾಗೇ ನಾದಿನಿಯ ಮನೆಯಲ್ಲಿ ಊಟ ಮುಗಿಸಿ ಬರುವವರಿದ್ದರು. ನಾನು ಕಾಲುನೋವೆಂದು ನರಳಿ ಉಳಿದುಕೊಂಡೆ. ಗಾಡಿ ಮರೆಯಾದದ್ದೇ ಅಡುಗೆಯ ಅಗಾತಾಳ ಮುಂದೆ ಹಾಜರು.

"ಅಮ್ಮಾವ್ರಿಗೆ ಗೊತ್ತಾದ್ರೆ ಧಣೀ?"

"ಈ ಮನೆಗೆ ಯಜಮಾನ ಯಾರೇ?"

"ಅದಕ್ಕೇ ಕೇಳಿದ್ದು, ಅಮ್ಮಾವ್ರಿಗೆ ಗೊತ್ತಾದ್ರೆ?"

ಹೇಗೋ ಒಪ್ಪಿಸಿದೆ. ಮಧ್ಯಾಹ್ನ ಕೊರಳಿಗೆ ಬಟ್ಟೆ ಕಟ್ಟಿ, ಚಮಚ ಹಿಡಿದು ಕೂತಿದ್ದೇನೆ, ಅಂಗಳದಲ್ಲಿ ಗಾಡಿಯ ಸದ್ದು! ಹೆಂಡತಿ, ಮಗಳು, ಅವರ ಹಿಂದೆ ಹೊಸ ಕೋಟು ತೊಟ್ಟ ಪಕ್ಕದ ಜಮೀನಿನ ಯೂಸ್ತಿನ್. ತೆಕ್ಲಾ ಅವನಿಗಾಗಿ ಎಷ್ಟು ಸಂಬಂಧಗಳಿಗೆ ಮೂಗು ಮುರಿದಿದ್ದಳೋ! ಚರ್ಚಿನ ಬಾಗಿಲಲ್ಲಿ ಕೊನೆಗೂ ಧೈರ್ಯ ಮಾಡಿ "ನಿಮ್ಮೆಜಮಾನ್ರ ಹತ್ರ ಮಾತಾಡ್ಬೇಕು" ಎಂದನಂತೆ. ನಾದಿನಿಯ ಊಟ ಬಿಟ್ಟು ಕುನೆಗುಂದಾ ಅವನನ್ನು ನೇರ ಎಳೆದುತಂದು ನನ್ನೆದುರು ಕೂರಿಸಿದಳು.

ನಾನು ಅಡುಗೆಮನೆಯತ್ತ ಕಣ್ಸನ್ನೆ ಮಾಡುವುದರೊಳಗೆ ಅಗಾತಾ ಪಾತ್ರೆ ಹೊತ್ತು ಬಂದೇಬಿಟ್ಟಳು. ಮೊದಲು ಅತಿಥಿಗೆ ಬಡಿಸಬೇಕೆಂದು ಅವಳಿಗೆ ಕಲಿಸಿದವನು ನಾನೇ. ಬಡಿಸಿದಳು.

ಯೂಸ್ತಿನ್ ತಟ್ಟೆ ನೋಡಿದ. ಮುಖ ಬಿಳಿಚಿಕೊಂಡಿತು. "ಅರ್ಥ ಆಯ್ತು ಸ್ವಾಮಿ," ಎಂದು ಎದ್ದು ಟೋಪಿಗೆ ಕೈ ಹಾಕಿದ.

"ಅಪ್ಪಾ! ಏನ್ಮಾಡ್ಬಿಟ್ರಿ?" ತೆಕ್ಲಾ ಬಿಕ್ಕಿದಳು. ನಾನು ಬಾಗಿಲಿಗೆ ಓಡಿ ಅವನ ಕೋಟು ಹಿಡಿದುಕೊಂಡೆ.

"ಅಯ್ಯೋ ಮಾರಾಯ, ಅದು ನಿಂಗಲ್ಲಪ್ಪ, ನಂಗೆ! ತಿನ್ನೋ ಆಸೆಗೆ ಕದ್ದು ಮಾಡಿಸ್ಕೊಂಡಿದ್ದು! ಹುಡುಗಿ ನಿಂದೇ, ಒಳಗೆ ಬಾ!"

"ಕಾಲುನೋವು ವಾಸಿ ಆಯ್ತೇನ್ರೀ?" ಹಿಂದಿನಿಂದ ಕುನೆಗುಂದಾಳ ದನಿ.

ಅವಳು ಆ ತಟ್ಟೆಯನ್ನೆತ್ತಿ ನನ್ನ ಜಾಗದ ಮುಂದೆ ಕುಕ್ಕಿದಳು. "ಸಾರು ನಿಮ್ದೇ ಅಲ್ವಾ? ಪದ್ಧತಿ ಗೊತ್ತಲ್ಲ? ಟೋಪಿ ತಗೊಳ್ಳಿ."

"ಲೇ, ಒಂದು ಚಮಚ..."

"ತಿರಸ್ಕೃತರಿಗೆ ಊಟ ಇಲ್ಲ."

ಯೂಸ್ತಿನ್‌ನ ಟೋಪಿ ಗೂಟಕ್ಕೇರಿತು, ನನ್ನದು ಇಳಿಯಿತು. ಮೆಟ್ಟಿಲ ಮೇಲೆ ಕೂತು ಕಿಟಕಿಗೆ ಕಿವಿಯಾದೆ.

"ಹೋದ್ವರ್ಷ ಒಂದ್ಮನೇಲಿ ಇಟ್ಟಿದ್ರು, ಅವಮಾನಕ್ಕೆ ಮುಟ್ಟದೇ ಓಡ್ಬಿಟ್ಟೆ," ಅಳಿಯದೇವರ ದನಿ. "ಹೇಗಿರುತ್ತೆ ಅಂತ ನೋಡ್ಲಾ ಅತ್ತೆ?"

"ನೋಡಪ್ಪ, ನಿಂದೇ ಮನೆ."

ಮೊದಲು ಸೊರ್ರನೆ ಹೀರಿದ್ದು ಕೇಳಿತು. ಆಮೇಲೆ ಸೌಟು ಪಾತ್ರೆಯ ತಳ ಕೆರೆಯುವ ಸದ್ದು.

ಆಶೀರ್ವಾದಕ್ಕೆ ಅಪ್ಪ ಬೇಕಲ್ಲ, ಒಳಗೆ ಕರೆದರು. ಮಂಡಿಯೂರಿದ ಇಬ್ಬರ ತಲೆಯ ಮೇಲೂ ಕೈಯಿಟ್ಟೆ. ಅಳಿಯನ ಮೀಸೆಯ ತುದಿಯಲ್ಲಿ ಒಂದು ಕಪ್ಪು ಹನಿ. ನನ್ನ ಕಣ್ಣಲ್ಲಿ ದಳದಳ ನೀರು.

"ನೋಡಮ್ಮ, ಅಪ್ಪಂಗೆ ನನ್ಮೇಲೆ ಎಷ್ಟು ಪ್ರೀತಿ!" ಎಂದಳು ತೆಕ್ಲಾ.

ನಾನು ಹೌದೆಂದು ತಲೆಯಾಡಿಸಿದೆ.